ಮಾದರಿ ಬಾಯಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದ ದಿನ ಅವಳ ಬಾಯಲ್ಲಿ ಇಪ್ಪತ್ತೆಂಟು ಹಲ್ಲುಗಳಿದ್ದವು, ಅಷ್ಟೂ ಅವಳವೇ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ನೆಲ ಒರೆಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಉಗುಳುವ ಬೋಗುಣಿ ತೊಳೆಯುವುದು ಅವಳ ಕೆಲಸ. ಆದರೆ ಡಾಕ್ಟರ ಕಣ್ಣು ಚುರುಕು. ಈ ಹುಡುಗಿಯ ಕೈ ನಡುಗುವುದಿಲ್ಲ ಎಂಬುದನ್ನು ಎರಡೇ ತಿಂಗಳಲ್ಲಿ ಕಂಡುಕೊಂಡು, ಅವಳನ್ನು ಹಿಂದಿನ ಕೋಣೆಗೆ ಹಾಕಿದರು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಮೂಲೆಯಲ್ಲಿ ಪ್ಲಾಸ್ಟರ್ ಪುಡಿಯ ಚೀಲಗಳು, ಇನ್ನೊಂದು ಮೂಲೆಯಲ್ಲಿ ಗ್ಯಾಸ್ ಒಲೆ, ನಡುವೆ ಉದ್ದನೆಯ ಮೇಜು. ರೋಗಿಯ ಬಾಯಿಯಿಂದ ತೆಗೆದ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆಯ ಪ್ರತಿ ಮಾಡುವುದು, ಅದರ ಮೇಲೆ ಮೇಣದಲ್ಲಿ ವಸಡು ಕಟ್ಟಿ ಹಲ್ಲು ಕೂರಿಸುವುದು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಕುದಿಸಿ ಗಟ್ಟಿ ಮಾಡುವುದು, ಕೊನೆಗೆ ಮೋಟಾರಿನ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು. ಮೂರು ವರ್ಷದೊಳಗೆ ಇಷ್ಟೂ ಅವಳ ಕೈಗೆ ಬಂತು. ಊರಿನ ಮುದುಕರು ಅವಳು ಮಾಡಿದ ಹಲ್ಲುಗಳಲ್ಲಿ ನಗತೊಡಗಿದರು. ಹಾಗೆ ಅವಳಿಗೆ ಹಲ್ಲಕ್ಕ ಎಂಬ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಆಮೇಲೆ ಕಾಗದಪತ್ರಗಳಲ್ಲಷ್ಟೇ ಉಳಿಯಿತು.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವಳಿಗೆ ಬಲಗಡೆಯ ಎರಡು ಮೇಲಿನ ದವಡೆ ಹಲ್ಲು ನೋಯತೊಡಗಿದವು. ಡಾಕ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲು ಅಚ್ಚು ತೆಗೆದುಕೊಂಡು, ಆಮೇಲೆ ಕನ್ನಡಿ ಹಾಕಿ ನೋಡಿದರು.

"ವಸಡೇ ಕೊಳೆತಿದೆಯಲ್ಲಮ್ಮಾ. ಎರಡು ಕಿತ್ತರೆ ಉಳಿದಿದ್ದು ನಿಲ್ಲಲ್ಲ. ಮೇಲಿನ ಸಾಲು ಪೂರ್ತಿ ತೆಗೆದುಬಿಡೋಣ. ಚಿಂತೆ ಮಾಡಬೇಡ, ಸೆಟ್ಟು ನಾನೇ ಕೊಡ್ತೀನಿ. ಮನೆ ಮಗಳ ಹಾಗೆ ನೀನು."

ಎರಡು ಮಧ್ಯಾಹ್ನಗಳಲ್ಲಿ ಹದಿನಾಲ್ಕು ಹಲ್ಲು ಹೋದವು. ಕೊನೆಯದಾಗಿ ಮುಂದಿನ ಎರಡನ್ನು ಕೀಳುವಾಗ ಡಾಕ್ಟರು ಅವಳ ಎದೆಗೆ ಮೊಣಕಾಲು ಕೊಟ್ಟು ಎಳೆದರು. ಅಷ್ಟು ಭದ್ರವಾಗಿದ್ದವು ಅವು.

ಅವಳಿಗೆ ಅವರು ಮಾಡಿಕೊಟ್ಟ ಸೆಟ್ಟು ಮಾತ್ರ ಅಪರೂಪದ್ದು. ಅದನ್ನು ಹಾಕಿಕೊಂಡ ಮೊದಲ ದಿನವೇ ಅವಳನ್ನು ಮುಂದಿನ ಕೋಣೆಗೆ ಕರೆದರು. ಹಲ್ಲು ಕೀಳಿಸಲೋ ಬೇಡವೋ ಎಂದು ಅನುಮಾನಿಸುತ್ತಾ ಒಬ್ಬ ಗುಮಾಸ್ತ ಕುಳಿತಿದ್ದ.

"ಇವಳ ನಗು ನೋಡಿ ಸಾರ್," ಎಂದರು ಡಾಕ್ಟರು. "ಇದು ನಿಜವಾದ ಹಲ್ಲೋ, ಕಟ್ಟಿಸಿದ್ದೋ? ಹೇಳಿ ನೋಡೋಣ."

"ನಿಜವಾದದ್ದೇ," ಎಂದ ಗುಮಾಸ್ತ.

"ಸ್ವಲ್ಪ ತೆಗೆದು ತೋರಿಸಮ್ಮಾ."

ಅವಳು ತೆಗೆದಳು. ಕೆನ್ನೆ ಒಳಗೆ ಬಿತ್ತು, ಮೇಲ್ದುಟಿ ಮಡಚಿಕೊಂಡಿತು, ಇಪ್ಪತ್ತಮೂರರ ಹುಡುಗಿ ಒಂದೇ ಗಳಿಗೆಯಲ್ಲಿ ಎಪ್ಪತ್ತರವಳಾದಳು. ಗುಮಾಸ್ತ ಬೆಚ್ಚಿಬಿದ್ದು, ಆಮೇಲೆ ಚಪ್ಪಾಳೆ ತಟ್ಟಿದ. ಅವಳು ಮತ್ತೆ ಹಾಕಿಕೊಂಡು ಹುಡುಗಿಯಾದಳು. ಅದೇ ವಾರ ಗುಮಾಸ್ತನ ಹಲ್ಲುಗಳೂ ಬೋಗುಣಿಗೆ ಬಿದ್ದವು.

ಅಲ್ಲಿಂದ ಅದು ದಿನನಿತ್ಯದ ಕೆಲಸವಾಯಿತು. ಮುಂದಿನ ಕೋಣೆಯಿಂದ ಚಿಟಿಕೆಯ ಸದ್ದು ಕೇಳಿದರೆ ಅವಳು ಕೈಯ ಪ್ಲಾಸ್ಟರ್ ಒರೆಸಿಕೊಂಡು ಹೋಗಿ, ತೆಗೆದು, ಹಾಕಿಕೊಂಡು, ವಾಪಸು ಬರುತ್ತಿದ್ದಳು.

ಮದುವೆ ಗೊತ್ತಾದಾಗ, ಗಂಡಿಗೆ ಹೇಳಬೇಕಲ್ಲವೇ ಎಂದು ಡಾಕ್ಟರನ್ನು ಕೇಳಿದಳು. "ಯಾಕೆ? ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?" ಎಂದರು ಅವರು. ಗಂಡ ನೀರಿನ ಮೀಟರ್ ಓದುವ ಕೆಲಸದವನು, ಮಾತುಗಾರ. ಮದುವೆಯಾಗಿ ಮೂರು ತಿಂಗಳಿಗೆ ಅವಳು ಜ್ವರದಲ್ಲಿ ಮಲಗಿದ್ದಾಗ, ನೀರಿನ ಲೋಟದಲ್ಲಿ ಹಲ್ಲು ಕಂಡ. ಬೈಯಲಿಲ್ಲ, ಹೊಡೆಯಲಿಲ್ಲ. ಬಿದ್ದು ಬಿದ್ದು ನಕ್ಕ. ಅಂದಿನಿಂದ ಅವಳನ್ನು ಬೊಚ್ಚಿ ಎಂದೇ ಕರೆದ. ಮೀಟರ್ ಓದಲು ಹೋದ ಮನೆಮನೆಯಲ್ಲೂ ಆ ಕತೆ ಹೇಳಿದ. ಅವಳು ಬೀದಿಯಲ್ಲಿ ನಡೆದರೆ, ಎಂದೂ ಮಾತಾಡಿಸದ ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು.

ಬೇರಿಲ್ಲದ ದವಡೆ ಮೂಳೆ ಸುಮ್ಮನೆ ಇರುವುದಿಲ್ಲ. ಹಿಡಿದುಕೊಳ್ಳಲು ಹಲ್ಲಿಲ್ಲ ಎಂದ ಮೇಲೆ ಅದಕ್ಕೆ ಕೆಲಸವಿಲ್ಲ, ಕೆಲಸವಿಲ್ಲದ ಮೂಳೆಯನ್ನು ದೇಹ ಸಾಕುವುದಿಲ್ಲ, ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತದೆ. ಹಲ್ಲಕ್ಕನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಡಾಕ್ಟರು ಕೊಟ್ಟ ಮೊದಲ ಸೆಟ್ಟಿನ ಮೇಲೆ ಇನ್ನಾರು ಸೆಟ್ಟುಗಳನ್ನು ತನಗಾಗಿ ಅವಳೇ ಮಾಡಿಕೊಂಡಿದ್ದಳು, ಪ್ರತಿ ಸಲವೂ ಗುಲಾಬಿ ಭಾಗ ಹಿಂದಿನದಕ್ಕಿಂತ ದಪ್ಪವಾಗಬೇಕಿತ್ತು, ಮೂಳೆ ಅಷ್ಟು ಹಿಂದೆ ಸರಿದಿರುತ್ತಿತ್ತು. ಕೆಳಗಡೆ ಹಿಂದಿನವು ವರ್ಷ ಕಳೆದಂತೆ ಬಿದ್ದು, ಅವಳದೇ ಆರು ಮುಂಹಲ್ಲು ಉಳಿದಿದ್ದವು. ಅಗಿದಾಗಲೆಲ್ಲ ಅವು ಮೇಲಿನ ಸೆಟ್ಟನ್ನು ಸುತ್ತಿಗೆಯಂತೆ ಗುದ್ದಿ ಗುದ್ದಿ, ಮುಂದಿನ ಮೂಳೆಯನ್ನು ಸವೆಸಿದ್ದವು. ಮೂಳೆ ಇದ್ದ ಕಡೆ ಈಗ ಮೆತ್ತಗಿನ ವಸಡು ಜೋಲಾಡುತ್ತಿತ್ತು.

ಐವತ್ತಾರನೇ ವಯಸ್ಸಿನಲ್ಲಿ ಏಳನೆಯ ಸೆಟ್ಟು ಕೈಕೊಟ್ಟಿತು. ಮಗಳ ಮನೆಯಲ್ಲಿ ಬೀಗರ ಜೊತೆ ಊಟಕ್ಕೆ ಕೂತಿದ್ದರು. ಯಾರೋ ಏನೋ ಕೇಳಿದರು, ಹಲ್ಲಕ್ಕ ಉತ್ತರಿಸಲು ಬಾಯಿ ತೆರೆದಳು, ಸೆಟ್ಟು ಜಾರಿ ತಟ್ಟೆಯ ಅಂಚಿಗೆ ಟಣ್ಣೆಂದು ಬಡಿದು ಬೀಗರ ಮುಂದೆ ಹೋಗಿ ನಿಂತಿತು.

"ಹೆದರಬೇಡಿ ಬೀಗರೇ," ಎಂದ ಅವಳ ಗಂಡ. "ಅದು ಕಚ್ಚಲ್ಲ."

ಬೀಗರು ನಕ್ಕು ನಕ್ಕು ಕೆಮ್ಮಿದರು. ಹೊರಡುವಾಗ ಮಗಳು ಮೆಟ್ಟಿಲವರೆಗೆ ಬಂದು, ಅಮ್ಮನ ಸೆರಗು ಸರಿಮಾಡುತ್ತಾ ಮೆಲ್ಲಗೆ ಹೇಳಿದಳು: "ಅಮ್ಮಾ, ಇನ್ಮೇಲೆ ಬರೋವಾಗ ಮನೇಲೇ ಊಟ ಮುಗಿಸ್ಕೊಂಡು ಬಾ."

ಅಷ್ಟರಲ್ಲಿ ಕ್ಲಿನಿಕ್ಕು ಡಾಕ್ಟರ ಮಗನ ಕೈಗೆ ಬಂದಿತ್ತು. ಅಪ್ಪ ಪಾರ್ಶ್ವವಾಯು ಹೊಡೆದು ಗಾಲಿಕುರ್ಚಿ ಹಿಡಿದಿದ್ದರು, ಅವರನ್ನು ದೊಡ್ಡ ಡಾಕ್ಟರು ಎಂದೂ ಮಗನನ್ನು ಚಿಕ್ಕ ಡಾಕ್ಟರು ಎಂದೂ ಜನ ಕರೆಯುತ್ತಿದ್ದರು. ಚಿಕ್ಕ ಡಾಕ್ಟರು ಹೊಸ ಸ್ಕ್ಯಾನ್ ಯಂತ್ರ ತರಿಸಿದ್ದರು. ಹಲ್ಲನ್ನು ತಾನೇ ಕೊರೆದು ಮಾಡುವ ಇನ್ನೊಂದು ಯಂತ್ರವೂ ಬಂದಿದ್ದರಿಂದ ಹಿಂದಿನ ಕೋಣೆಯಲ್ಲಿ ಈಗ ವಾರಕ್ಕೆ ಎರಡು ದಿನದ ಕೆಲಸವೂ ಇರಲಿಲ್ಲ. ಒಂದು ಬೆಳಿಗ್ಗೆ ಅವರು ಹಲ್ಲಕ್ಕನನ್ನೇ ಯಂತ್ರದ ಮುಂದೆ ನಿಲ್ಲಿಸಿ ಸ್ಕ್ಯಾನ್ ಮಾಡಿ, ಪರದೆ ತೋರಿಸಿದರು.

"ನೋಡಿ ಹಲ್ಲಕ್ಕಾ, ಮುಂದೆ ಮೊಟ್ಟೆ ಸಿಪ್ಪೆಯಷ್ಟು ಮೂಳೆ ಇದೆ. ಹಿಂದೆ ಅದೂ ಇಲ್ಲ, ಸೈನಸ್ಸಿನ ಪೊಳ್ಳು ಕೆಳಗೆ ಇಳಿದುಬಿಟ್ಟಿದೆ. ಹಲ್ಲು ನಿಲ್ಲಿಸೋಕೆ ಮೂಳೆಗೆ ಹಾಕೋ ಮಾಮೂಲಿ ಇಂಪ್ಲಾಂಟ್ ಸ್ಕ್ರೂ ಕಚ್ಚಿಕೊಳ್ಳೋಕೆ ಜಾಗವೇ ಇಲ್ಲ."

"ಹಾಗಾದ್ರೆ?"

"ದಾರಿಗಳಿವೆ. ಸೊಂಟದ ಮೂಳೆಯಿಂದ ತುಂಡು ತೆಗೆದು ಇಲ್ಲಿ ಕೂರಿಸಬಹುದು. ಅದು ಬೆಸೆದುಕೊಳ್ಳೋಕೆ ಆರೇಳು ತಿಂಗಳು, ಆಮೇಲೆ ಸ್ಕ್ರೂ, ಅದಕ್ಕೆ ಮತ್ತೆ ಕಾಯಬೇಕು. ಇಲ್ಲಾಂದ್ರೆ ಸೈನಸ್ಸಿನ ಪೊರೆ ಮೇಲಕ್ಕೆತ್ತಿ ಕೆಳಗೆ ಮೂಳೆ ಪುಡಿ ತುಂಬೋದು. ಅದಕ್ಕೂ ತಿಂಗಳುಗಟ್ಟಲೆ. ಮೂರನೇದು ಕೆನ್ನೆ ಮೂಳೆ." ಅವರು ತಮ್ಮ ಕೆನ್ನೆಗೆ ಬೆರಳಿಟ್ಟು ತೋರಿಸಿದರು. "ದವಡೆ ಕರಗಿದ್ರೂ ಇದು ಕರಗಲ್ಲ. ಬೆರಳುದ್ದದ ನಾಲ್ಕು ಸ್ಕ್ರೂ ಬಾಯಿಂದ ನೇರ ಇಲ್ಲಿಗೆ ಹಾಕಿದ್ರೆ, ಎರಡು ಮೂರು ದಿನದಲ್ಲಿ ಹಲ್ಲು. ನಿಮಗೆ ಇದನ್ನೇ ಮಾಡ್ತೀನಿ, ಪುಕ್ಕಟೆ."

"ಹಾಕಿದ್ದು ಕೆಟ್ಟರೆ ತೆಗೆಯೋಕಾಗುತ್ತಾ?"

ಹಲ್ಲು ಮಾಡುವವಳ ಪ್ರಶ್ನೆ ಅದು. ಚಿಕ್ಕ ಡಾಕ್ಟರು ಪರದೆ ಆರಿಸಿದರು. "ಕೆಡೋ ಮಾತು ಈಗ್ಯಾಕೆ? ಶನಿವಾರ ಇಟ್ಕೊಂಡಿದ್ದೀನಿ. ಹದಿನಾಲ್ಕು ಜನ ಡಾಕ್ಟರು ಕಲಿಯೋಕೆ ಬರ್ತಿದಾರೆ. ಅವರ ಮುಂದೆ ಮೊದಲು ಸೆಟ್ಟು ತೆಗೆದು ತೋರಿಸಿ, ಆಮೇಲೆ ನಾವು ಶುರು ಮಾಡೋಣ."

ಸಹಿ ಹಾಕಬೇಕಾದ ಫಾರಂ ಕೊಟ್ಟರು. ತೆಗೆದುಕೊಳ್ಳುತ್ತಿರುವ ಔಷಧಿಗಳು ಎಂಬಲ್ಲಿ ಆಗಲೇ 'ಯಾವುದೂ ಇಲ್ಲ' ಎಂದು ಬರೆದಿತ್ತು. ನಾಲ್ಕು ವರ್ಷದ ಹಿಂದೆ ಮಣಿಕಟ್ಟು ಮುರಿದಾಗಿನಿಂದ ಅವಳಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ಆಗುತ್ತಿತ್ತು, ಹಲ್ಲಿನ ಕೆಲಸ ಮಾಡಿಸುವ ಮುಂಚೆ ತಪ್ಪದೆ ಹೇಳಿ ಎಂದು ಮೂಳೆ ಡಾಕ್ಟರು ಎಚ್ಚರಿಸಿದ್ದರು. ಅವಳು ಹೇಳಿದಳು.

"ಅದೇನೂ ಆಗಲ್ಲ ಬಿಡಿ," ಎಂದರು ಚಿಕ್ಕ ಡಾಕ್ಟರು. "ಬರೆದ್ರೆ ಸುಮ್ನೆ ನೂರೆಂಟು ಪ್ರಶ್ನೆ ಕೇಳ್ತಾರೆ."

ಅವಳು ಸಹಿ ಹಾಕಲಿಲ್ಲ. ಕನ್ನಡಕ ಮನೆಯಲ್ಲಿದೆ ಎಂದು ನೆಪ ಹೇಳಿ ಫಾರಂ ಮಡಚಿಟ್ಟುಕೊಂಡಳು. ಸ್ಕ್ಯಾನ್ ನನ್ನ ತಲೆಯದು, ಒಂದು ಪ್ರತಿ ನನಗೂ ಬೇಕು ಎಂದು ಕೇಳಿ ಪಡೆದಳು. ಹಿಂದಿನ ಕೋಣೆಯ ಅಟ್ಟ ಹತ್ತಿ, ತನ್ನ ಹಲ್ಲು ಕೀಳುವ ಮುಂಚೆ ತೆಗೆದ ಅಚ್ಚಿನ ಪ್ಲಾಸ್ಟರ್ ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಅಟ್ಟದ ಮೇಲೆ ಅಂಥವು ಇನ್ನೂರಕ್ಕೂ ಹೆಚ್ಚಿದ್ದವು, ಪ್ರತಿಯೊಂದರ ಬೆನ್ನಲ್ಲೂ ಅವಳದೇ ಕೈಬರಹದ ತಾರೀಖು. ಮಾರನೆಯ ದಿನ ಸರ್ಕಾರಿ ದಂತ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರಮ್ಮ ತೆಳ್ಳಗಿನ ಹೆಂಗಸು, ಮಾತು ಚಾಕುವಿನಂಥದ್ದು. ಸ್ಕ್ಯಾನ್ ನೋಡಿದರು, ಬಾಯಿ ನೋಡಿದರು, ಪ್ಲಾಸ್ಟರ್ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಇದ್ಯಾರ ಹಲ್ಲು?"

"ನಂದೇ."

"ಇದನ್ನ ಕಿತ್ತಿದ್ದು ಯಾಕೆ?"

"ವಸಡು ಕೊಳೆತಿತ್ತು ಅಂದ್ರು."

"ಕೊಳೆತ ವಸಡಾದ್ರೆ ಹಲ್ಲಿನ ಕುತ್ತಿಗೆ ಇಷ್ಟು ಬಿಗಿಯಾಗಿ ಕೂತಿರುತ್ತಾ? ಬಲಗಡೆ ಎರಡು ಹೋಗಿದ್ದವು, ಅಷ್ಟೇ. ನೀವು ಹಲ್ಲು ಮಾಡೋ ಕೆಲಸದವರು ಅಂತೀರಲ್ಲ, ಇಷ್ಟು ವರ್ಷ ಇದು ಕಾಣಲಿಲ್ವಾ?"

ಹಲ್ಲಕ್ಕ ಪ್ರತಿಯನ್ನು ವಾಪಸು ಪಡೆದು ಚೀಲಕ್ಕೆ ಹಾಕಿಕೊಂಡಳು. ಕಾಣಲಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಬೇರೆಯವರ ಸಾವಿರಾರು ದವಡೆಗಳನ್ನು ಬೆಳಕಿಗೆ ಹಿಡಿದು ನೋಡಿದ್ದ ಅವಳು, ಇದೊಂದನ್ನು ಮೂವತ್ತಮೂರು ವರ್ಷ ಅಟ್ಟದಿಂದ ಇಳಿಸಿರಲಿಲ್ಲ.

"ಮೂಳೆ ಇಂಜೆಕ್ಷನ್ ಆಗಿದೆ ಅಂತೀರಿ, ಎಡಗಡೆ ಸೈನಸ್ಸಲ್ಲಿ ಕೀವಿದೆ," ಎಂದರು ಡಾಕ್ಟರಮ್ಮ. "ಕೆನ್ನೆ ಸ್ಕ್ರೂ ಒಳ್ಳೆ ದಾರಿಯೇ, ನಾವೂ ಹಾಕ್ತೀವಿ. ಆದ್ರೆ ಈ ಬಾಯಿಗೆ ಈಗ ಹಾಕಿದ್ರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಸೊಂಟದ ಮೂಳೆಗೂ ಅದೇ ಮಾತು. ನಿಮಗೆ ಸೆಟ್ಟೇ ಗತಿ. ಸುಳ್ಳು ಭರವಸೆ ಕೊಟ್ಟು ಕಳಿಸೋಕೆ ನನಗೆ ಬರಲ್ಲ."

ಹೊರಗೆ ಔಷಧಿ ಚೀಟಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಗಸು ಅವಳನ್ನೇ ದಿಟ್ಟಿಸಿ ನೋಡತೊಡಗಿದಳು. ಐವತ್ತರ ಆಸುಪಾಸು, ರವಿಕೆಯ ತೋಳಿಗೆ ದಾರ ಪೋಣಿಸಿದ ಎರಡು ಸೂಜಿ, ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ.

"ನೀನು ಆ ಕ್ಲಿನಿಕ್ಕಿನವಳಲ್ವಾ?" ಎಂದಳು. "ತೆಗೆದು ತೋರಿಸಿದ್ದು ನೀನೇ ಅಲ್ವಾ?"

ಹಲ್ಲಕ್ಕ ಹೌದೆಂದು ತಲೆಯಾಡಿಸಿದಳು.

"ಇಪ್ಪತ್ತು ವರ್ಷ ಆಯ್ತು. ನಾನು ಟೈಲರು. ಹಲ್ಲಲ್ಲೇ ದಾರ ಕಡೀತಿದ್ದೆ. ಎರಡು ಅಲ್ಲಾಡ್ತಿದ್ವು ಅಂತ ಬಂದೆ. ಎಲ್ಲಾ ತೆಗೆಸು ಅಂದ್ರು, ನಾನು ಬೇಡ ಅಂದು ಎದ್ದು ನಿಂತಿದ್ದೆ. ಆಗ ನೀನು ಒಳಗಿಂದ ಬಂದೆ. ನಕ್ಕೆ. ತೆಗೆದೆ, ಹಾಕ್ಕೊಂಡೆ. ಅಯ್ಯೋ ಇಷ್ಟೇನಾ ಅಂತ ನಾನು ಮತ್ತೆ ಕೂತೆ." ಅವಳು ಕರವಸ್ತ್ರ ತೆಗೆದಳು. ಮೇಲ್ದುಟಿ ಒಳಗೆ ಕುಸಿದು ಮೂಗಿನ ತುದಿ ಗದ್ದದ ಕಡೆಗೆ ಬಾಗಿತ್ತು. "ಯಾವ ಸೆಟ್ಟೂ ನಿಲ್ಲಲ್ಲ ಈಗ. ನನ್ನ ಗಿರಾಕಿಗಳು ಅಳತೆ ಕೊಡೋವಾಗ ಮುಖ ಆ ಕಡೆ ತಿರುಗಿಸ್ಕೋತಾರೆ."

"ನಂಗೂ ಅವರು ಸುಳ್ಳೇ ಹೇಳಿದ್ದು ಕಣಮ್ಮಾ."

"ನಂಗೆ ಸುಳ್ಳು ಹೇಳಿದ್ದು ಅವರಲ್ಲ. ನೀನು ಹೇಳಿದೆ. ಡಾಕ್ಟರ ಮಾತು ನಾನು ನಂಬಿರಲಿಲ್ಲ, ನಿನ್ನ ಬಾಯಿ ನಂಬಿದೆ."

ಟೈಲರ ಹೆಸರು ಕೂಗಿದರು. ಅವಳು ಎದ್ದು ಒಳಗೆ ಹೋದಳು, ಹಿಂದಿರುಗಿ ನೋಡಲಿಲ್ಲ.

ಶನಿವಾರಕ್ಕೆ ಉಳಿದಿದ್ದ ಎರಡು ದಿನ ಹಲ್ಲಕ್ಕ ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಬೊಚ್ಚಿಗೆ ಹೊಸ ಹಲ್ಲು ಬರುವ ಖುಷಿಯಲ್ಲಿ ಮಾತು ನಿಂತಿದೆ ಎಂದು ಗಂಡ ನೆರೆಮನೆಯವರಿಗೆ ಹೇಳಿದ. ಶನಿವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಕ್ಲಿನಿಕ್ಕಿನ ಬೀಗ ತೆಗೆದಳು. ಅಟ್ಟದಿಂದ ಪ್ಲಾಸ್ಟರ್ ಪ್ರತಿಗಳನ್ನು ಬುಟ್ಟಿ ಬುಟ್ಟಿ ಇಳಿಸಿ, ಚೀಲದಲ್ಲಿದ್ದ ತನ್ನದನ್ನೂ ಸೇರಿಸಿ, ಮುಂದಿನ ಕೋಣೆಯ ಬೆಂಚುಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇನ್ನೂರ ಹದಿನೇಳು ಬಾಯಿಗಳು. ಕೀಳುವ ಮುಂಚಿನವು. ಭದ್ರವಾದ ಹಲ್ಲುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಒಂದೊಂದು ಚುಕ್ಕಿ ಇಟ್ಟಿದ್ದಳು. ಹೆಚ್ಚು ಕಡಿಮೆ ಎಲ್ಲವೂ ಕೆಂಪಾಗಿದ್ದವು.

ಹದಿನಾಲ್ಕು ಡಾಕ್ಟರುಗಳು ಬಂದರು. ಇದು ತರಬೇತಿಯ ಭಾಗವೇ ಇರಬೇಕೆಂದುಕೊಂಡರು. ಒಬ್ಬ, "ಎಷ್ಟು ಚೆನ್ನಾಗಿ ಇಟ್ಟಿದಾರೆ ನೋಡ್ರಿ," ಎಂದು ಫೋಟೊ ತೆಗೆದ. ಇನ್ನೊಬ್ಬ ಎರಡನ್ನು ಎತ್ತಿ ಟಕಟಕ ಬಡಿದು ಮಾತಾಡುವ ಹಾಗೆ ಆಡಿಸಿದ, ಸುತ್ತಲಿದ್ದವರು ನಕ್ಕರು. ಹಲ್ಲಕ್ಕ ನಡುವೆ ನಿಂತು, "ಇವೆಲ್ಲಾ ಒಳ್ಳೆ ಹಲ್ಲು. ಇಲ್ಲೇ ಕಿತ್ತಿದ್ದು," ಎಂದಳು. ಸೆಟ್ಟು ಜಾರಿ ಮಾತು ತೊದಲಿತು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ ಒಬ್ಬಿಬ್ಬರು ಗೋಡೆಯ ಕಡೆ ನೋಡಿದರು.

ಚಿಕ್ಕ ಡಾಕ್ಟರು ಬಂದವರೇ ಅವಳ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದರು.

"ಮೂವತ್ತೇಳು ವರ್ಷ ಅನ್ನ ಹಾಕಿದ ಮನೆ ಇದು! ಹಲ್ಲು ಮಾಡೋಕೆ ಯಂತ್ರ ಇದೆ ನನ್ನ ಹತ್ರ. ನಿಮ್ಮನ್ನ ಇಟ್ಕೊಂಡಿದ್ದೇ ಇವತ್ತಿನ ದಿನಕ್ಕೆ, ತಿಳೀತಾ?"

ಬಾಗಿಲಲ್ಲಿ ಗಾಲಿಕುರ್ಚಿ ನಿಂತಿತ್ತು. ದೊಡ್ಡ ಡಾಕ್ಟರನ್ನು ಅಂದಿನ ಸನ್ಮಾನಕ್ಕೆಂದು ಕೋಟು ಹಾಕಿ ಕರೆತಂದಿದ್ದರು. ಅವರ ಎಡಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು, ಬಲಗೈಯಲ್ಲಿ ಹಲ್ಲಕ್ಕನ ಪ್ಲಾಸ್ಟರ್ ಪ್ರತಿ ಇತ್ತು. ತಾರೀಖು ಓದದೆಯೂ ಅದು ಯಾರದೆಂದು ಅವರಿಗೆ ಗೊತ್ತಾಗಿತ್ತು. ಮಾತು ಒಂದು ಕಡೆಗೆ ಎಳೆಯುತ್ತಿತ್ತು, ಆದರೂ ಸ್ಪಷ್ಟವಾಗಿತ್ತು.

"ಒಳ್ಳೆ ಹಲ್ಲಿದ್ದವು ನಿಂಗೆ."

"ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೇನು? ಕೆಟ್ಟ ಬಾಯವಳನ್ನ ತಗೊಂಡು ನಾನೇನು ತೋರಿಸ್ಲಿ? ನಿನ್ನ ನಗು ಚೆನ್ನಾಗಿತ್ತು. ಅದಕ್ಕೇ ನಿನ್ನನ್ನ ಆರಿಸಿದ್ದು." ಹೊಗಳಿಕೆಯನ್ನೇ ಹೇಳಿದವರಂತೆ ಅವರು ಸ್ವಲ್ಪ ಕಾದರು. ಆಮೇಲೆ ಮಗನಿಗೆ, "ನನ್ನನ್ನ ಮುಂದಕ್ಕೆ ತಳ್ಳೋ, ಹೊತ್ತಾಯ್ತು," ಎಂದರು.

ಪ್ಲಾಸ್ಟರ್ ಬಾಯಿಗಳನ್ನು ಗುಡಿಸಿ ಚೀಲಕ್ಕೆ ತುಂಬಿದರು. ಅವಳ ಬದಲು ಇನ್ನೊಬ್ಬ ರೋಗಿಯನ್ನು ಕರೆಸಿ ಹನ್ನೊಂದು ಗಂಟೆಗೆ ಮಲಗಿಸಿದರು. ಆ ಆಪರೇಷನ್ ಚೆನ್ನಾಗಿಯೇ ಆಯಿತಂತೆ. ದೊಡ್ಡ ಡಾಕ್ಟರಿಗೆ ಹಾರ ಹಾಕಿದರು. ಹಲ್ಲಕ್ಕನ ಚಪ್ಪಲಿ, ಛತ್ರಿ, ಊಟದ ಡಬ್ಬಿಯನ್ನು ಯಾರೋ ಹೊರಬಾಗಿಲಲ್ಲಿ ಇಟ್ಟಿದ್ದರು. ಪುಕ್ಕಟೆ ಹಲ್ಲನ್ನೂ ಇದ್ದ ಕೆಲಸವನ್ನೂ ಒಟ್ಟಿಗೆ ಒದ್ದು ಬಂದಳು ಎಂದು ಗಂಡನಿಗೆ ಮೀಟರ್ ಮನೆಗಳಲ್ಲಿ ಹೇಳಲು ಹೊಸ ಕತೆ ಸಿಕ್ಕಿತು.

ಸೈನಸ್ಸಿನ ಕೀವಿಗೆ ಔಷಧಿ ತರಲು ಹೋದಾಗ ದಂತ ಆಸ್ಪತ್ರೆಯ ಡಾಕ್ಟರಮ್ಮ ಅವಳೇ ಮಾಡಿಕೊಂಡಿದ್ದ ಏಳನೆಯ ಸೆಟ್ಟನ್ನು ತಿರುಗಿಸಿ ನೋಡಿ, "ನಮ್ಮ ಲ್ಯಾಬಲ್ಲಿ ಜನ ಸಾಲಲ್ಲ, ಬರ್ತೀರಾ?" ಎಂದು ಕೇಳಿದರು. ಅವಳು ಒಪ್ಪಿಕೊಂಡಳು. ಅಲ್ಲಿ ತನ್ನ ಎಂಟನೆಯ ಸೆಟ್ಟು ಮಾಡಿಕೊಂಡಳು. ಜೋಲಾಡುವ ವಸಡನ್ನು ಒತ್ತದಂತೆ ಡಾಕ್ಟರಮ್ಮನೇ ನಿಧಾನವಾಗಿ ಅಚ್ಚು ತೆಗೆದುಕೊಟ್ಟರು. ಮಾತಾಡುವಾಗ ಅದು ನಿಲ್ಲುತ್ತದೆ. ಗಟ್ಟಿ ಪದಾರ್ಥ ಅಗಿಯಲು ಆಗುವುದಿಲ್ಲ. ಮಗಳ ಮನೆಗೆ ಈಗಲೂ ಊಟ ಮುಗಿಸಿಕೊಂಡೇ ಹೋಗುತ್ತಾಳೆ.

ಟೈಲರ ಸೈನಸ್ಸು ಶುದ್ಧವಾಗಿತ್ತು, ಯಾವ ಇಂಜೆಕ್ಷನ್ನೂ ಆಗಿರಲಿಲ್ಲ. ಆ ಆಸ್ಪತ್ರೆಯಲ್ಲೇ ಅವಳ ಕೆನ್ನೆ ಮೂಳೆಗೆ ನಾಲ್ಕು ಉದ್ದ ಸ್ಕ್ರೂ ಹಾಕಿದರು. ಹದಿನೈದು ದಿನ ಮುಖ ಊದಿಕೊಂಡಿತ್ತು, ಆಮೇಲೆ ಇಳಿಯಿತು. ಮೊದಲು ತಾತ್ಕಾಲಿಕ ಹಲ್ಲು ಕೂರಿಸಿ ಕಳಿಸಿದರು. ಆರು ತಿಂಗಳಾದ ಮೇಲೆ ಶಾಶ್ವತ ಹಲ್ಲು ಮಾಡುವ ಕೆಲಸ ಲ್ಯಾಬಿಗೆ ಬಂತು, ಬಂದದ್ದು ಹಲ್ಲಕ್ಕನ ಮೇಜಿಗೆ. ಅವಳು ಹನ್ನೊಂದು ದಿನ ತೆಗೆದುಕೊಂಡಳು. ಮುಂದಿನ ಹಲ್ಲುಗಳ ಅಂಚನ್ನು ದಾರ ಕಡಿಯಲು ಬರುವಂತೆ ತೆಳ್ಳಗೆ ಚೂಪು ಮಾಡಿದಳು, ಡಾಕ್ಟರಮ್ಮ ಬೈದರೂ ಬದಲಿಸಲಿಲ್ಲ. "ದಾರವೇ ಕಡೀಬೇಕು ಅವಳು," ಎಂದಳು.

ಹಲ್ಲು ಕೂರಿಸಿದ ದಿನ ಟೈಲರು ಕನ್ನಡಿಯ ಮುಂದೆ ತುಂಬಾ ಹೊತ್ತು ಕೂತಳು. ರವಿಕೆಯ ತೋಳಿನ ಸೂಜಿಯಿಂದ ದಾರ ಎಳೆದು ಕಚ್ಚಿದಳು. ತುಂಡಾಯಿತು. ಇನ್ನೊಮ್ಮೆ ಕಚ್ಚಿದಳು. ಮತ್ತೂ ತುಂಡಾಯಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ಇದನ್ನ ಮಾಡಿದ್ಯಾರು?" ಎಂದು ಕೇಳಿದಳು.

ಡಾಕ್ಟರಮ್ಮ ಬಾಗಿಲ ಕಡೆ ಕೈ ತೋರಿಸಿದರು. ಹಲ್ಲಕ್ಕ ಅಲ್ಲಿ ಪ್ಲಾಸ್ಟರ್ ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಾ ನಿಂತಿದ್ದಳು. ಟೈಲರು ಅವಳನ್ನು ನೋಡಿದಳು. ಮುಖದಲ್ಲಿದ್ದ ಸಂತೋಷ ಹಾಗೇ ಗಟ್ಟಿಯಾಯಿತು.

"ಕೆಲಸ ಚೆನ್ನಾಗಿದೆ," ಎಂದಳು. "ಮುಂದಿನ ಸಲ ತೋರಿಸೋಕೆ ಬಂದಾಗ ಇವಳು ಇಲ್ಲಿ ಇರಬಾರದು ಡಾಕ್ಟ್ರೇ. ಇವಳ ಮುಖ ನೋಡೋಕೆ ನನ್ನಿಂದ ಆಗಲ್ಲ."

ಟೈಲರ ಮುಂದಿನ ತಪಾಸಣೆ ಇದ್ದದ್ದು ಮಂಗಳವಾರ. ಹಲ್ಲಕ್ಕ ಆ ದಿನ ರಜೆ ಹಾಕಿದಳು.